ಮಾವನಿಗೆ ಕಟ್ಟಿದ ಚಕ್ರಗಳು

ಮಾರ್ಚ್ 4, ಭಾನುವಾರ

ಮಗು,

ಹಿಂದೆ ನೀನು ತವರಿಗೆ ಹೋದಾಗ ಕಾಗದ ಬರೆದರೆ ‘ಚಿ. ಸೌ.’ ಎಂದು ಶುರು ಮಾಡುತ್ತಿದ್ದೆ. ಇವತ್ತು ‘ಚಿ.’ ಬರೆದೆ, ಎರಡನೆಯದಕ್ಕೆ ಕೈ ಏಳಲಿಲ್ಲ. ಹಾಳೆ ಬದಲಿಸಿದೆ. ಹೀಗೆ ಮೂರು ಹಾಳೆ ಕೆಡಿಸಿ ಕೊನೆಗೆ ಬರೀ ‘ಮಗು’ ಎಂದು ಇಟ್ಟಿದ್ದೇನೆ. ವಿಚ್ಛೇದನದ ಆದೇಶವನ್ನು ನಾಲ್ಕೂ ಪುಟ ಓದಿದೆ. ಮಾವನಾಗಿದ್ದವನು ಸೊಸೆಯಾಗಿದ್ದವಳನ್ನು ಇನ್ನು ಮೇಲೆ ಏನೆಂದು ಕರೆಯಬೇಕು ಎಂದು ಅದರಲ್ಲಿ ಎಲ್ಲೂ ಇಲ್ಲ. ತಪ್ಪೆನಿಸಿದರೆ ಆ ಪದ ಹೊಡೆದುಹಾಕಿ ಮುಂದೆ ಓದು.

ನಿನ್ನ ಫೋನ್ ನಂಬರು ಬದಲಾಗಿದೆ. ನೀನು ಲೆನ್ಸ್ ಕತ್ತರಿಸುತ್ತಿದ್ದ ಇಲ್ಲಿನ ಕನ್ನಡಕದ ಅಂಗಡಿಗೆ ಹೋದೆ. ಮೂಗಿನ ಮೇಲೆ ಸರಿಯಾಗಿಯೇ ಕೂತಿದ್ದ ಕನ್ನಡಕವನ್ನು ಸಡಿಲವಾಗಿದೆ ಎಂದು ಕೊಟ್ಟು, ಮಾತಿನ ನಡುವೆ ನಿನ್ನ ವಿಚಾರ ತೆಗೆದೆ. ನಿಮ್ಮೂರಿನ ಶಾಖೆಗೆ ಹೋಗಿದ್ದೀಯೆ ಎಂದು ಹೇಳಿ ವಿಳಾಸ ಕೊಟ್ಟರು. ಕನ್ನಡಕ ಈಗ ನಿಜವಾಗಿಯೂ ಬಿಗಿಯಾಗಿ ಕಿವಿ ನೋಯುತ್ತಿದೆ.

ವಿಷಯ ಇಷ್ಟೇ. ಸೈಕಲ್ಲಿನ ಹಿಂದಿನ ಚಕ್ರ ಹೋಗಿದೆ. ಸೈಕಲ್ ಅಂಗಡಿಯವನು ಬ್ರೇಕ್ ಹಿಡಿಯುವ ಜಾಗಕ್ಕೆ ಬೆರಳಿಟ್ಟು ತೋರಿಸಿದ. “ನೋಡಿ ಸಾರ್, ರಿಮ್ ಸವೆದು ಹೊಟ್ಟೆ ಒಳಗೆ ಹೋಗಿದೆ. ಇಳಿಜಾರಲ್ಲಿ ಸೀಳ್ಕೊಂಡ್ರೆ ನನ್ನ ಕೇಳ್ಬೇಡಿ” ಅಂದ. ಬದಲಿಸುವುದೇ ಆದರೆ ಎರಡನ್ನೂ ಒಳ್ಳೆಯದೇ ಹಾಕಿಸೋಣ ಎಂದು ಆಸೆಯಾಯಿತು. ಒಂದೂವರೆ ತಿಂಗಳ ಪಿಂಚಣಿಯಷ್ಟು ಎತ್ತಿಟ್ಟಿದ್ದೇನೆ, ಅದಕ್ಕಿಂತ ಹೆಚ್ಚು ಆಗುವುದಿಲ್ಲ. ಅವನು ಕಪ್ಪಗೆ ಹೊಳೆಯುವ, ಅಂಗೈಯಷ್ಟು ಎತ್ತರದ ಕಾರ್ಬನ್ ರಿಮ್ಮಿನ ಜೋಡಿ ತೋರಿಸಿ, ಇದನ್ನು ಹಾಕಿದರೆ ಬಾಣ ಹೋದ ಹಾಗೆ ಹೋಗುತ್ತೀರಿ ಅನ್ನುತ್ತಾನೆ. ಅರವತ್ತಮೂರು ವರ್ಷದ ಬಾಣ. ಇನ್ನೊಂದು ಅಂಗಡಿಯಲ್ಲಿ ಬೇರೆಯೇ ಹೇಳುತ್ತಾರೆ. ನನಗೆ ಈ ವಿಷಯದಲ್ಲಿ ಗೊತ್ತಿರುವುದೆಲ್ಲ ನಿನ್ನಿಂದ ಬಂದದ್ದು. ನಿವೃತ್ತಿಯಾದ ಮರುವಾರ ತೆಳು ಟಯರಿನ ಸೈಕಲ್ ಮೇಲೆ ಕೂರಿಸಿದವಳು ನೀನು. ಅದಕ್ಕೆ ಕೇಳುತ್ತಿದ್ದೇನೆ, ಯಾವುದನ್ನು ಕೊಳ್ಳಲಿ?

ನಿನ್ನ ಅತ್ತೆಗೆ ಮಂಡಿನೋವು ಹಾಗೇ ಇದೆ. ಮನೆಯಲ್ಲಿ ನಿನ್ನ ಹೆಸರು ಎತ್ತಿದರೆ ಅವಳು ಎದ್ದು ಒಳಗೆ ಹೋಗುತ್ತಾಳೆ. ಅದಕ್ಕೆ ಇದನ್ನು ಗ್ರಂಥಾಲಯದಲ್ಲಿ ಕೂತು ಬರೆಯುತ್ತಿದ್ದೇನೆ.

ಇಂತಿ,
ಸೈಕಲ್ ಮಾವ


ಮಾರ್ಚ್ 15, ಗುರುವಾರ

ಮಾನ್ಯರೇ,

ನಿಮ್ಮ ಪತ್ರ ತಲುಪಿತು.

ಕಾರ್ಬನ್ ಬೇಡ. ನಿಮ್ಮ ಸೈಕಲ್ಲಿನಲ್ಲಿ ಬ್ರೇಕ್ ರಬ್ಬರು ರಿಮ್ಮನ್ನೇ ಹಿಡಿಯುತ್ತದೆ. ನೀವು ಹೇಳುವ ಬೆಲೆಗೆ ಸಿಗುವ ಕಾರ್ಬನ್ ರಿಮ್ ಉದ್ದದ ಇಳಿಜಾರಿನಲ್ಲಿ ಕಾದರೆ ನಂಬುವಂತಿಲ್ಲ, ನೆನೆದರೆ ಬ್ರೇಕು ತಡವಾಗಿ ಹಿಡಿಯುತ್ತದೆ. ಅಷ್ಟು ಎತ್ತರದ ರಿಮ್ಮನ್ನು ಪಕ್ಕದ ಗಾಳಿ ಎಳೆಯುತ್ತದೆ. ಅದರ ಲಾಭವೆಲ್ಲ ನಿಮಗಿಂತ ಬಹಳ ವೇಗವಾಗಿ ಹೋಗುವವರಿಗೆ.

ಅಲ್ಯೂಮಿನಿಯಂ ರಿಮ್ ತೆಗೆದುಕೊಳ್ಳಿ. ಎತ್ತರ ಕಡಿಮೆ ಇರಲಿ, ಅಗಲ ಈಗಿನದಕ್ಕಿಂತ ಸ್ವಲ್ಪ ಹೆಚ್ಚಿರಲಿ. ಇಪ್ಪತ್ತೆಂಟು ಮಿಲಿಮೀಟರ್ ಅಗಲದ ಟಯರು ಫ್ರೇಮಿನ ಸಂದಿನಲ್ಲಿ ಹಿಡಿಸುತ್ತದೆಯೇ ಎಂದು ಮೊದಲು ಅಳೆಯಿರಿ, ಹಿಡಿಸದಿದ್ದರೆ ಇಪ್ಪತ್ತೈದು ಸಾಕು. ಸ್ಪೋಕ್ ಕಡ್ಡಿ ಕಡಿಮೆ ಇದ್ದಷ್ಟೂ ಹಗುರ ಎಂದು ಅಂಗಡಿಯವರು ಹೇಳುತ್ತಾರೆ. ನಿಮ್ಮ ತೂಕಕ್ಕೆ ಹಿಂದಿನ ಚಕ್ರದಲ್ಲಿ ಇಪ್ಪತ್ತೆಂಟಾದರೂ ಇರಲಿ. ಒಂದು ಮುರಿದರೂ ಮನೆ ತಲುಪಬಹುದು. ಬೇರಿಂಗು ಮುಚ್ಚಿದ್ದಾಗಿರಲಿ. ಹಿಂದಿನ ಚಕ್ರದ ನಡುವಿನ ಹಬ್ಬು ನಿಮ್ಮ ಹತ್ತು ಗೇರಿಗೆ ಹೊಂದುತ್ತದೆಯೇ ಎಂದು ಕೇಳದೆ ಕೊಳ್ಳಬೇಡಿ.

ಎತ್ತಿಟ್ಟ ಹಣವನ್ನೆಲ್ಲ ಚಕ್ರಕ್ಕೇ ಸುರಿಯಬೇಡಿ. ಐದರಲ್ಲಿ ಒಂದು ಪಾಲು ಟಯರಿಗೆ ಇಡಿ. ಒಳ್ಳೆಯ ಚಕ್ರಕ್ಕೆ ಒರಟು ಟಯರು ಹಾಕಿದರೆ ಖರ್ಚು ಮಾಡಿದ್ದು ಗೊತ್ತೇ ಆಗುವುದಿಲ್ಲ.

ಅಲ್ಲಿಯವರೆಗೆ ಹಳೆಯ ಚಕ್ರದ ಮೇಲೆ ಇಳಿಜಾರಿಗೆ ಹೋಗಬೇಡಿ.

ಇಂತಿ ವಿಶ್ವಾಸಿ,
ನಿಮ್ಮ ಸೊಸೆಯಾಗಿದ್ದವಳು


ಏಪ್ರಿಲ್ 2, ಸೋಮವಾರ

ಮಗು,

ಮೂವತ್ನಾಲ್ಕು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದೆ. ದಿನಕ್ಕೆ ಹತ್ತು ‘ಮಾನ್ಯರೇ’ ಬರುತ್ತಿದ್ದವು, ಒಂದೂ ತಾಗುತ್ತಿರಲಿಲ್ಲ. ಇದು ತಾಗಿತು. ದೂರು ಅಂದುಕೊಳ್ಳಬೇಡ. ಉತ್ತರ ಬರೆದೆಯಲ್ಲ, ಅದೇ ದೊಡ್ಡದು.

ನೀನು ಹೇಳಿದ ಹಾಗೆ ಕಾರ್ಬನ್ ಬಿಟ್ಟೆ. ಇನ್ನೊಂದು ಅಂಗಡಿಯಲ್ಲಿ ಅಲ್ಯೂಮಿನಿಯಂ ಜೋಡಿ ಇತ್ತು, ಫ್ಯಾಕ್ಟರಿಯಲ್ಲೇ ಕಟ್ಟಿದ್ದು. ಮನೆಯ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ನಗಬೇಡ.

“ಡಬ್ಬಿ ಮೇಲೆ ಸಾವಿರದ ಐನೂರ ಐವತ್ತು ಗ್ರಾಂ ಅಂತಿದೆ” ಅಂದೆ.

“ಹೌದು ಸಾರ್. ಗರಿ ಇದ್ದ ಹಾಗಿದೆ.”

“ಕೊಡಿ ನಿಮ್ಮ ಗರೀನ, ತೂಗೋಣ.”

ಸಾವಿರದ ಆರುನೂರ ಎಂಬತ್ತೆರಡು ಬಂತು. ಅವನು ತಕ್ಕಡಿಯನ್ನು ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ನೋಡಿ, “ನಿಮ್ಮ ತಕ್ಕಡಿ ಸರಿ ಇಲ್ಲ ಸಾರ್” ಅಂದ. ಈ ಒಂದು ಮಾತು ಕೇಳಿಸಿಕೊಳ್ಳುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು ಎಂದು ಅವನಿಗೆ ಹೇಗೆ ಹೇಳಲಿ. ಚೀಲದಿಂದ ಪ್ರಮಾಣದ ತೂಕದ ಬಟ್ಟು ತೆಗೆದು ಇಟ್ಟು ತೋರಿಸಿದೆ. ಆಗ ಅವನು ತಣ್ಣಗೆ, “ನೂರಮೂವತ್ತು ಗ್ರಾಂಗೆ ಇಷ್ಟು ಜಗಳ ಆಡೋ ಬದಲು ನೀವೇ ನಾಲ್ಕು ಕೆಜಿ ಇಳಿಸಿ ಸಾರ್, ಪುಕ್ಕಟೆ” ಅಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗುತ್ತಲೇ ಎಡಗಡೆಗೆ ತಿರುಗಿದೆ, ನೀನು ಇರುತ್ತಿದ್ದ ಕಡೆಗೆ. ಅಲ್ಲಿ ಪಂಪು ನೇತು ಹಾಕಿದ್ದರು.

ಆ ಚಕ್ರದಲ್ಲಿ ಹಿಂದೆ ಇಪ್ಪತ್ತು ಕಡ್ಡಿ ಮಾತ್ರ. ನೀನು ಇಪ್ಪತ್ತೆಂಟು ಅಂದಿದ್ದೆ. ಬಿಟ್ಟು ಬಂದೆ. ಫ್ರೇಮಿನ ಸಂದು ಅಳೆದೆ, ಇಪ್ಪತ್ತೈದೇ ಗತಿ. ಈಗ ಎಲ್ಲಿ ಹುಡುಕಲಿ?

ಭಾನುವಾರ ಸಮತಟ್ಟಿನಲ್ಲಷ್ಟೇ ಹೋಗುತ್ತೇನೆ. ಕಾರ್ಖಾನೆಯ ಗೋಡೆಯವರೆಗೆ ಹೋಗಿ ತಿರುಗುವುದು. ಅಲ್ಲಿಂದಾಚೆ ಹೋಗುವುದಕ್ಕೆ ಚಕ್ರಕ್ಕಿಂತ ಮೊದಲು ಮನಸ್ಸು ಬರುವುದಿಲ್ಲ.

ಇಂತಿ,
ಸೈಕಲ್ ಮಾವ


ಏಪ್ರಿಲ್ 20, ಶುಕ್ರವಾರ

ಮಾವ,

ಬೇರೆ ಪದ ಹುಡುಕಿದೆ, ಸಿಗಲಿಲ್ಲ. ‘ಮಾನ್ಯರೇ’ ಎಂದು ಬರೆದು ಅಂಚೆಗೆ ಹಾಕಿದ ದಿನ ಕೆಲಸದಲ್ಲಿ ಎರಡು ಲೆನ್ಸ್ ಒಡೆದೆ. ನಮ್ಮ ಮಾಲೀಕರು, “ಏನಮ್ಮಾ, ನಿಂಗೇ ಕನ್ನಡಕ ಬೇಕಾ?” ಅಂದರು.

ತಕ್ಕಡಿ ಹೊತ್ತುಕೊಂಡು ಹೋದದ್ದನ್ನು ಓದಿ ನಕ್ಕೆ. ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ಈ ಮನೆಯಲ್ಲಿ ಆ ಸದ್ದು ಕೇಳಿ ಬಹಳ ದಿನ ಆಗಿತ್ತಂತೆ.

ಸಿದ್ಧವಾದ ಜೋಡಿ ಹುಡುಕುವುದು ಬಿಡಿ. ಚಕ್ರ ನಾನು ಕಟ್ಟಿಕೊಡುತ್ತೇನೆ. ನಿಮಗೆ ಗೊತ್ತಲ್ಲ, ನಮ್ಮಪ್ಪ ಇದ್ದಷ್ಟು ದಿನ ಸೈಕಲ್ ಅಂಗಡಿ ನಡೆಸಿದವರು. ಚಕ್ರ ನಿಲ್ಲಿಸಿ ಔಟ್ ತೆಗೆದು ನೇರ ಮಾಡುವ ಅವರ ಸ್ಟ್ಯಾಂಡು ಹಿಂದಿನ ಕೋಣೆಯಲ್ಲೇ ಇದೆ. ಅಮ್ಮ ಅದರ ಮೇಲೆ ಟವೆಲ್ ಒಣಗಿಸುತ್ತಾರೆ. ರಿಮ್, ಹಬ್, ಕಡ್ಡಿ ಬಿಡಿಬಿಡಿಯಾಗಿ ತಂದು ಕೈಯಲ್ಲಿ ಕಟ್ಟಿದರೆ ನಿಮ್ಮ ಹಣದಲ್ಲೇ ಗಟ್ಟಿ ಚಕ್ರವಾಗುತ್ತದೆ. ಮುಂದೆ ಇಪ್ಪತ್ತೆಂಟು ಕಡ್ಡಿ, ಹಿಂದೆ ಮೂವತ್ತೆರಡು. ನಡುವೆ ತೆಳ್ಳಗೆ, ಎರಡು ತುದಿಗೆ ದಪ್ಪಗೆ ಇರುವ ಕಡ್ಡಿ ಹಾಕೋಣ. ಏನೇನು ಬೇಕೆಂದು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಆ ಜೋಡಿಗಿಂತ ನಲವತ್ತು ಐವತ್ತು ಗ್ರಾಂ ಹೆಚ್ಚೇ ತೂಗಬಹುದು. ತಕ್ಕಡಿ ಹಿಡಿದು ನನ್ನ ಮೇಲೆ ಕೇಸು ಹಾಕಬೇಡಿ.

ಒಂದು ಮಾತು ಬರೆಯಬೇಕು. ಅವತ್ತು ನಿಮ್ಮ ಮಗ ಊಟದ ಮೇಜಿನ ಎದುರು ಕೂತು ಹತ್ತು ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದರು. ಒಂದು ವರ್ಷದಿಂದ ಇನ್ನೊಬ್ಬಳು ಇದ್ದಾಳೆ ಅಂದರು. “ಇದು ಯಾರಿಗೂ ಗೊತ್ತಿಲ್ಲ, ಅಪ್ಪ ಅಮ್ಮಂಗೂ ಗೊತ್ತಿಲ್ಲ” ಅಂದರು. ನಾನು ಪೆಟ್ಟಿಗೆ ತುಂಬುವಾಗ ನೀವು ಬಾಗಿಲಲ್ಲಿ ನಿಂತಿದ್ದಿರಿ. ನಿಮ್ಮ ಮುಖ ನೋಡಿ, ಪಾಪ ಇವರೂ ನನ್ನ ಹಾಗೇ ಮೋಸ ಹೋದವರು ಅನ್ನಿಸಿತು. ಆ ಹೊತ್ತಿಗೆ ನನಗಿದ್ದ ಸಮಾಧಾನ ಅದೊಂದೇ. ಆಮೇಲೆ ಇಲ್ಲಿಗೆ ಬಂದು, ಆ ಮನೆಯಲ್ಲಿ ಕಳೆದ ಆರು ವರ್ಷಗಳನ್ನು ಒಂದೊಂದಾಗಿ ಸುಳ್ಳು ಎಂದು ಬದಿಗೆ ಸರಿಸಿದೆ. ನಮ್ಮ ಭಾನುವಾರಗಳನ್ನು ಮಾತ್ರ ಮುಟ್ಟಲಿಲ್ಲ. ಅವನ್ನು ಬೇರೆಯಾಗಿ ಇಟ್ಟುಕೊಂಡಿದ್ದೇನೆ.

ಸಾಮಾನು ಕಳಿಸಿ.

ಇಂತಿ,
ಮಗು


ಮೇ 6, ಭಾನುವಾರ

ಮಗು,

ಸಾಮಾನು ಪಾರ್ಸೆಲ್ ಮಾಡಿದ್ದೇನೆ. ರಿಮ್ ಎರಡು, ಹಬ್ ಎರಡು, ಕಡ್ಡಿ ಅರವತ್ತನಾಲ್ಕು, ಅದರಲ್ಲಿ ನಾಲ್ಕು ಹೆಚ್ಚಿಗೆ. ಟಯರಿಗೆ ಐದನೆಯ ಪಾಲು ಉಳಿದಿದೆ.

ನಿನ್ನ ಕಾಗದವನ್ನು ಹಲವು ಸಲ ಓದಿದೆ. ಏನೋ ಬರೆಯಬೇಕೆಂದು ಕೂತೆ. ಗ್ರಂಥಾಲಯದಲ್ಲಿ ಎದುರಿಗೆ ಕೂತವನು ಪೇಪರು ಮಡಚಿ, “ಆರೋಗ್ಯ ಸರಿ ಇಲ್ವಾ ಸಾರ್?” ಅಂದ. ಎದ್ದು ಬಂದೆ.

ಮುಂದಿನ ಸಲ ಬರೆಯುತ್ತೇನೆ. ಕೆಲಸದ ನಡುವೆ ಇದಕ್ಕಾಗಿ ನಿದ್ದೆಗೆಡಬೇಡ. ಅವಸರವಿಲ್ಲ.

ಇಂತಿ,
ಮಾವ


ಮೇ 27, ಭಾನುವಾರ

ಮಾವ,

ಮುಂದಿನ ಚಕ್ರ ಮುಗಿಯಿತು.

ಅಪ್ಪನ ಸ್ಟ್ಯಾಂಡನ್ನು ಒರೆಸಿ ಎಣ್ಣೆ ಹಾಕಿದೆ. ಅಮ್ಮನಿಗೆ ಟವೆಲ್ ಹಾಕಲು ಬೇರೆ ಹಗ್ಗ ಕಟ್ಟಿಕೊಟ್ಟೆ. ಮೊದಲ ಸಲ ಕಡ್ಡಿ ಹೆಣೆಯುವಾಗ ಒಂದು ರಂಧ್ರ ತಪ್ಪಿ, ಪೂರ್ತಿ ಬಿಚ್ಚಿ ಮತ್ತೆ ಹೆಣೆದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ, “ನಿಮ್ಮಪ್ಪನೂ ಹಿಂಗೇ ಬೈಕೊಂಡೇ ಬಿಚ್ತಿದ್ರು” ಅಂದರು. ಬಿಗಿ ಸರಿಯಾಗಿದೆಯೇ ಎಂದು ತಿಳಿಯಲು ಕಡ್ಡಿಗಳನ್ನು ಬೆರಳಲ್ಲಿ ಮೀಟಿ ಕೇಳಬೇಕು. ಒಂದು ಪಕ್ಕದವೆಲ್ಲ ಒಂದೇ ಸ್ವರ ಹೇಳಬೇಕು. ಒಂದು ಬೇರೆ ಹೇಳಿದರೆ ಅದು ತನ್ನ ಪಾಲಿನ ಭಾರವನ್ನು ಪಕ್ಕದ್ದರ ಮೇಲೆ ಹಾಕುತ್ತಿದೆ ಎಂದರ್ಥ. ಇಷ್ಟು ದಿನ ಆದ ಮೇಲೂ ಕಿವಿ ಮರೆತಿಲ್ಲ. ನನಗೇ ಆಶ್ಚರ್ಯವಾಯಿತು.

ಹಿಂದಿನದನ್ನು ಹೆಣೆದಿದ್ದೇನೆ. ಗೇರಿನ ಕಡೆ ಬಿಗಿಯಾಗಿದೆ, ಎಡಗಡೆಯದು ಬಾಕಿ.

ಇನ್ನೊಂದು ಸುದ್ದಿ. ಗೋಡೆಯ ಮೇಲಿದ್ದ ನನ್ನ ಸೈಕಲ್ಲನ್ನು ಇಳಿಸಿದೆ. ಹತ್ತು ತಿಂಗಳು ಅದರ ಕಡೆ ನೋಡಿರಲಿಲ್ಲ. ಟಯರಿಗೆ ಗಾಳಿ ಹಾಕಿ ಬೀದಿಯ ಕೊನೆಯವರೆಗೆ ಹೋಗಿ ಬಂದೆ. ಬೀಳಲಿಲ್ಲ.

ಜೂನ್ ಹತ್ತರ ಭಾನುವಾರ ಬಸ್ಸಿಗೆ ಸೈಕಲ್ ಹಾಕಿಕೊಂಡು ಬನ್ನಿ. ಚಕ್ರ ನಾನೇ ಹಾಕಿಕೊಡುತ್ತೇನೆ. ನಮ್ಮೂರಾಚೆಯ ಸೇತುವೆಯವರೆಗೆ ಹೋಗಿ ಬರೋಣ. ಅಮ್ಮ ನಿಮಗೂ ಅಡುಗೆ ಮಾಡುತ್ತಾರಂತೆ. ‘ಅವರ ಮಗ ಮಾಡಿದ್ದಕ್ಕೆ ಅವರೇನು ಮಾಡ್ತಾರೆ’ ಎಂದು ಅವರೇ ಹೇಳಿದರು.

ಇಂತಿ,
ಮಗು


ಜೂನ್ 3, ಭಾನುವಾರ

ಮಗು,

ನಾನು ಹತ್ತಕ್ಕೆ ಬರುವುದಿಲ್ಲ. ಯಾಕೆಂದು ಓದಿದ ಮೇಲೆ ನೀನೂ ಕರೆಯುವುದಿಲ್ಲ.

ನಿನ್ನ ತಾಯಿಯ ಮಾತು ಬರೆದಿದ್ದೀಯೆ. ಆ ಮಾತನ್ನು ತಿಂದು, ಅವರ ಕೈಯ ಊಟವನ್ನೂ ತಿಂದು ಬರುವಷ್ಟು ಕೆಳಗೆ ನಾನಿನ್ನೂ ಇಳಿದಿಲ್ಲ ಅಂದುಕೊಂಡಿದ್ದೇನೆ. ಹೇಳಿಬಿಡುತ್ತೇನೆ. ನನಗೆ ಗೊತ್ತಿತ್ತು.

ಹೋದ ವರ್ಷ ಮಾರ್ಚ್ ತಿಂಗಳ ಒಂದು ಮಂಗಳವಾರ. ನಿನ್ನ ಅತ್ತೆಯ ಮಾತ್ರೆ ತರಲು ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಗೆ ಹೋಗಿದ್ದೆ. ಆಫೀಸಿನ ಕೆಲಸಕ್ಕೆಂದು ಪರವೂರಿಗೆ ಹೋಗುತ್ತೇನೆ ಎಂದು ಹೊರಟಿದ್ದ ಮಗ ಎದುರಿನ ಕಟ್ಟೆಯ ಹತ್ತಿರ ನಿಂತಿದ್ದ. ಜೊತೆಗೊಬ್ಬಳು. ಅವಳು ಅವನ ಕಾಲರ್ ಸರಿ ಮಾಡುತ್ತಿದ್ದಳು. ಸರಿ ಮಾಡುವಾಗ ಅವಳು ಆ ಕಡೆ ನೋಡುತ್ತಲೂ ಇರಲಿಲ್ಲ, ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಕೈಗೆ ಅಷ್ಟು ಅಭ್ಯಾಸವಾಗಿತ್ತು. ನನಗೆ ಅಷ್ಟೇ ಸಾಕಾಯಿತು.

ಮರುದಿನ ಅವನನ್ನು ಕೇಳಿದೆ. ಅವನು ಅಲ್ಲಗಳೆಯಲಿಲ್ಲ. “ಅಪ್ಪಾ, ನಾನೇ ಹೇಳ್ತೀನಿ. ಸಮಯ ನೋಡಿ ಹೇಳ್ತೀನಿ. ನೀನು ಮಾತ್ರ ನಡುವೆ ಬರಬೇಡ” ಅಂದ.

“ಯಾವಾಗ ಹೇಳ್ತೀಯ?” ಅಂದೆ.

“ಇನ್ನೊಂದು ತಿಂಗಳು.”

ಅವನು ಹೇಳಿದ್ದು ಜುಲೈಯಲ್ಲಿ. ನಡುವೆ ಹದಿನೆಂಟು ಭಾನುವಾರ. ಹದಿನೆಂಟೂ ಸಲ ಬೆಳಿಗ್ಗೆ ಎದ್ದು ನಿನ್ನ ಜೊತೆ ಬಂದೆ. ನೀನು ಕೊಟ್ಟ ನೀರು ಕುಡಿದೆ, ನಿನ್ನ ಹಾಸ್ಯಕ್ಕೆ ನಕ್ಕೆ.

ನಿನ್ನ ಸಂಸಾರ ಉಳಿಯಲಿ, ಅವನು ತಿರುಗಿ ಬರಲಿ ಎಂದು ಸುಮ್ಮನಿದ್ದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಆ ಲೆಕ್ಕವೂ ಕಳ್ಳ ತೂಕವೇ. ನಿಜ ಹೇಳಿದ ದಿನ ನೀನು ಹೊರಟುಹೋಗುತ್ತೀಯೆ, ಹೋದರೆ ನನಗೆ ಭಾನುವಾರ ಇರುವುದಿಲ್ಲ ಎಂಬ ಹೆದರಿಕೆ ಅದು. ಕೆಲಸ ಹೋದ ಮೇಲೆ ನನ್ನನ್ನು ಯಾರೂ ಎಲ್ಲಿಗೂ ಕರೆಯುತ್ತಿರಲಿಲ್ಲ, ನೀನೊಬ್ಬಳೇ. ಒಂದು ವಾರ, ಇನ್ನೊಂದು ವಾರ ಎಂದು ನಿನ್ನ ಬದುಕಿನಿಂದ ಕದ್ದು ಇಟ್ಟುಕೊಂಡೆ.

ಚಕ್ರದ ನೆಪ ಮಾಡಿ ಬರೆದದ್ದೂ ಅದಕ್ಕೇ. ನಿನ್ನ ಅಕ್ಷರ ನೋಡಬೇಕಿತ್ತು. ಏಪ್ರಿಲ್ ಕಾಗದ ಬರುವವರೆಗೆ, ಹೇಳದೆಯೇ ಸಾಯಬಹುದು ಅಂದುಕೊಂಡಿದ್ದೆ. ಆ ಭಾನುವಾರಗಳನ್ನು ಬೇರೆಯಾಗಿ ಇಟ್ಟುಕೊಂಡಿದ್ದೇನೆ ಎಂದು ಬರೆದೆ ನೋಡು, ಆಮೇಲೆ ಆಗಲಿಲ್ಲ.

ಅವರಿಬ್ಬರ ಮದುವೆ ಮುಂದಿನ ತಿಂಗಳು, ನೋಂದಣಿ ಕಚೇರಿಯಲ್ಲಿ. ಬೇರೆಯವರ ಬಾಯಿಂದ ಕೇಳುವ ಮೊದಲು ತಿಳಿಸುತ್ತಿದ್ದೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದೂ ಒಂದು ಕೆಲಸ ನಿನ್ನ ತಲೆಗೆ ಬೀಳುತ್ತದೆ. ಸಾಮಾನು ಮೂಲೆಗೆಸೆ.

ಇಂತಿ,
ನಿನ್ನ ಮಾವನಾಗಿದ್ದವನು


ಜೂನ್ 28, ಗುರುವಾರ

ನಿಮಗೆ,

ಚಕ್ರಗಳನ್ನು ಕಳಿಸಿದ್ದೇನೆ.

ನಿಮ್ಮ ಪತ್ರ ಬಂದಾಗ ಹಿಂದಿನ ಚಕ್ರದ ಎಡಗಡೆ ಅರೆಬಿಗಿಯಾಗಿತ್ತು. ಹದಿನೈದು ದಿನ ಆ ಕೋಣೆಗೆ ಹೋಗಲಿಲ್ಲ. ಬಿಚ್ಚಿ, ಕಡ್ಡಿಯನ್ನೆಲ್ಲ ಕಟ್ಟು ಕಟ್ಟಿ ವಾಪಸ್ಸು ಕಳಿಸೋಣ ಅನ್ನಿಸಿತು. ಆದರೆ ನೀವು ಅದನ್ನು ಯಾವನ ಹತ್ತಿರವೋ ಕಟ್ಟಿಸಿ ಇಳಿಜಾರಿಗೆ ಹೋಗುತ್ತೀರಿ. ಕೋಪ ಇಳಿಯಲಿ ಎಂದು ಕಾದೆ. ಕೋಪದ ಕೈಯಲ್ಲಿ ಬಿಗಿ ಹೆಚ್ಚಾಗುತ್ತದೆ. ಕೋಪ ಇಳಿಯಿತು. ಇಳಿದ ಮೇಲೆ ಉಳಿದದ್ದು ಕೋಪಕ್ಕಿಂತ ಭಾರವಾಗಿದೆ, ಅದನ್ನು ಏನು ಮಾಡಬೇಕೆಂದು ಗೊತ್ತಿಲ್ಲ.

ನಿಮ್ಮ ಮಗ ಮಾಡಿದ್ದನ್ನು ಅರಗಿಸಿಕೊಂಡಿದ್ದೆ. ಅವರು ಬೇರೊಬ್ಬಳನ್ನು ಇಷ್ಟಪಟ್ಟರು. ಆಗಬಾರದಿತ್ತು, ಆಯಿತು. ನಿಮ್ಮ ವಿಷಯದಲ್ಲಿ ಈಗ ಮೊದಲಿನಿಂದ ಶುರು ಮಾಡಬೇಕು. ಆ ಹದಿನೆಂಟು ಭಾನುವಾರಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದೇನೆ.

ಒಂದು ದಿನ ಬೆಟ್ಟದ ಮೇಲಿನ ನಲ್ಲಿಯ ಹತ್ತಿರ ಕೂತಿದ್ದೆವು. ನಾವು ಮಗುವಿನ ಯೋಚನೆ ಮಾಡುತ್ತಿದ್ದೇವೆ ಎಂದು ನಿಮಗೆ ಹೇಳಿದೆ. ಅಮ್ಮನಿಗೂ ಹೇಳಿರಲಿಲ್ಲ, ಮೊದಲು ಹೇಳಿದ್ದು ನಿಮಗೆ. ನೀವು ಎದ್ದು ಬಾಟಲಿಗೆ ನೀರು ಹಿಡಿಯಲು ಹೋದಿರಿ. ಬಾಟಲಿ ಆಗಲೇ ತುಂಬಿತ್ತು. ಬೆನ್ನು ತಿರುಗಿಸಿ ಬಹಳ ಹೊತ್ತು ನಿಂತಿರಿ. ಸಂತೋಷಕ್ಕೆ ಕಣ್ಣು ತುಂಬಿದೆ, ತೋರಿಸಿಕೊಳ್ಳಲು ನಾಚಿಕೆ ಅಂದುಕೊಂಡೆ. ಮನೆಗೆ ಬಂದು ನಿಮ್ಮ ಮಗನಿಗೂ ಹೇಳಿದೆ, “ನಿಮ್ಮಪ್ಪಂಗೆ ಎಷ್ಟು ಖುಷಿಯಾಯ್ತು ಗೊತ್ತಾ” ಅಂತ. ಅವರು ಸರಿ ಸರಿ ಅಂದರು. ಅವತ್ತು ಆ ಮನೆಯಲ್ಲಿ ಏನೂ ಗೊತ್ತಿಲ್ಲದೆ ನಗುತ್ತಿದ್ದವಳು ನಾನೊಬ್ಬಳೇ.

ನೀವು ಒಂದು ಮಾತು ಹೇಳಿದ್ದರೆ ಅವತ್ತೇ ಹೋಗುತ್ತಿದ್ದೆ, ನಿಜ. ಆದರೆ ನಿಮ್ಮನ್ನು ಬಿಟ್ಟು ಹೋಗುತ್ತಿರಲಿಲ್ಲ. ಅದು ನಿಮಗೆ ಹೊಳೆಯಲಿಲ್ಲ.

ಅಮ್ಮನಿಗೆ ಹೇಳಿಲ್ಲ. ಬಸ್ಸು ತಪ್ಪಿತಂತೆ ಅಂದೆ. ನಾನೂ ಕಲಿತೆ ನೋಡಿ.

ಚಕ್ರದ ವಿಷಯ. ಎರಡೂ ನೇರವಾಗಿವೆ. ಮೊದಲ ಇನ್ನೂರು ಕಿಲೋಮೀಟರಿಗೆ ಕಡ್ಡಿಗಳು ಕೂರುತ್ತವೆ, ಆಗ ಒಮ್ಮೆ ಬಿಗಿ ನೋಡಿಸಲೇಬೇಕು. ಕೈ ಪಳಗಿದವರು ಯಾರಾದರೂ ಆಗುತ್ತದೆ. ನನ್ನ ಹತ್ತಿರ ತರಬೇಡಿ. ಓಡಿಸದೆ ಗೋಡೆಗೂ ನೇತು ಹಾಕಬೇಡಿ. ಓಡಲಿ ಎಂದೇ ಕಟ್ಟಿದ್ದೇನೆ.

ಇನ್ನು ಬರೆಯಬೇಡಿ.

ಇಂತಿ.


ಜುಲೈ 22, ಭಾನುವಾರ

ಮಗು,

ಬರೆಯಬೇಡ ಅಂದಿದ್ದೀಯೆ. ಚಕ್ರ ತಲುಪಿದ್ದನ್ನು ತಿಳಿಸದಿದ್ದರೆ ಪಾರ್ಸೆಲ್ಲಿನವರು ಕಳೆದರೆಂದು ನೀನು ಯೋಚಿಸಬಹುದು. ಇದೊಂದೇ, ಆಮೇಲಿಲ್ಲ.

ತೂಗಲಿಲ್ಲ. ತಕ್ಕಡಿ ತೆಗೆದೆ, ಮತ್ತೆ ಒಳಗಿಟ್ಟೆ.

ನಿನ್ನ ಅತ್ತೆಗೆ ಎಲ್ಲ ಹೇಳಿದೆ. ಅವಳಿಗೆ ಏನೂ ಗೊತ್ತಿರಲಿಲ್ಲ. ನಿನ್ನ ಹೆಸರು ಕೇಳಿದರೆ ಎದ್ದು ಹೋಗುತ್ತಿದ್ದದ್ದು ಸಿಟ್ಟಿಗಲ್ಲ, ಅಳು ಬರುತ್ತದೆಂದು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ತಟ್ಟೆ ಇಡುತ್ತಾ, “ನಾಲ್ಕು ತಿಂಗಳು ಆ ಹುಡುಗಿ ಮುಖ ಹೆಂಗ್ ನೋಡಿದ್ರಿ?” ಅಂದಳು. ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಮಗನ ಮದುವೆಗೆ ಹೋದೆ. ಹೋಗಲಿಲ್ಲ ಎಂದು ಬರೆದರೆ ನಿನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಸಾಕ್ಷಿಯ ಜಾಗದಲ್ಲಿ ಸಹಿ ಹಾಕು ಅಂದ. ಅದನ್ನು ಮಾತ್ರ ಹಾಕಲಿಲ್ಲ. “ಯಾಕಪ್ಪಾ?” ಅಂದ. ಸಾಕ್ಷಿ ಹೇಳಬೇಕಾದ ಕಡೆ ಹೇಳದೆ ಬಂದಿದ್ದೇನೆ, ಇಲ್ಲಿ ಯಾವ ಮುಖ ಇಟ್ಟುಕೊಂಡು ಹಾಕಲಿ ಅಂದೆ. ಅವನಿಗೆ ಅರ್ಥವಾಯಿತು. ತಲೆ ತಗ್ಗಿಸಿದ.

ಚಕ್ರ ಸದ್ದೇ ಮಾಡುವುದಿಲ್ಲ. ಏರು ಹತ್ತುವಾಗ ಸೈಕಲ್ಲು ತಾನೇ ಮುಂದೆ ಹೋಗುತ್ತದೆ. ಬೆಟ್ಟದ ತುದಿಗೆ ಮೊದಲಿಗಿಂತ ಐದು ನಿಮಿಷ ಬೇಗ ತಲುಪಿದೆ. ಯಾರಿಗೆ ಹೇಳುವುದು ಎಂದು ತಿಳಿಯದೆ, ನಲ್ಲಿಯ ಹತ್ತಿರ ನಿಲ್ಲದೆ ಇಳಿದುಬಂದೆ.

ಇಂತಿ,
ಮಾವ


ಮಾರ್ಚ್ 11, ಸೋಮವಾರ

ಮಾವ,

ಇದಕ್ಕೆ ಉತ್ತರ ಬೇಡ. ಒಂದು ವಿಷಯ ತಿಳಿಸದೆ ಇರಲಾಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಹಿಂದಿನ ಚಕ್ರ ಔಟ್ ಆಗಿದೆ. ಬಲಕ್ಕೆ ಎಳೆಯುತ್ತಿದೆ, ಎರಡು ಮಿಲಿಮೀಟರಿನಷ್ಟಿರಬೇಕು. ಎಡಗಡೆಯ ಒಂದೆರಡು ಕಡ್ಡಿ ಸಡಿಲವಾಗಿರುತ್ತದೆ. ಹಾಗೇ ಬಿಟ್ಟರೆ ಮುರಿಯುತ್ತದೆ. ದಯವಿಟ್ಟು ಈ ವಾರವೇ ಯಾರಿಗಾದರೂ ತೋರಿಸಿ.

ನಿನ್ನೆ ಬೆಳಿಗ್ಗೆ ಸೇತುವೆಗೆ ಮೊದಲು ನಿಮ್ಮೂರಿನ ರಸ್ತೆ ನಮ್ಮೂರಿನ ರಸ್ತೆಗೆ ಕೂಡುವ ಕಡೆಯಿಂದ ನಾನು ನಿಮ್ಮ ಹಿಂದೆ ಇದ್ದೆ. ಐದಾರು ಮಾರು ದೂರ. ಮೊದಲು ನೀವೆಂದು ಗೊತ್ತಾಗಲಿಲ್ಲ, ತುಂಬ ಇಳಿದಿದ್ದೀರಿ. ಚಕ್ರ ನೋಡಿ ಗೊತ್ತಾಯಿತು. ಎಲೆ ಅಲುಗದ ಬೆಳಿಗ್ಗೆ, ರಸ್ತೆಯಲ್ಲಿ ನಾವಿಬ್ಬರೇ ಇದ್ದೆವು. ಆರು ಕಿಲೋಮೀಟರ್ ಹಾಗೇ ಬಂದೆ. ದಾಟಿ ಹೋಗಬಹುದಿತ್ತು, ನಿಮ್ಮ ವೇಗ ಅಷ್ಟಿರಲಿಲ್ಲ. ನಡುವೆ ಒಮ್ಮೆ ನೀವು ನಿಧಾನ ಮಾಡಿ ನೀರು ಕುಡಿದಿರಿ. ಆಗ ನಾನೂ ನಿಧಾನ ಮಾಡಿದೆ.

ಕೂಗಬೇಕೆಂದು ಬಾಯಿ ತೆರೆದೆ. ಸಿಟ್ಟು ಅಡ್ಡ ಬರಲಿಲ್ಲ, ಅದು ಈಗ ಅಷ್ಟಿಲ್ಲ. ಆದರೆ ನೀವು ತಿರುಗಿ ನೋಡಿ ನಕ್ಕರೆ, ಆ ನಗು ಯಾವುದು ಎಂದು ನಾನು ಮತ್ತೆ ಯೋಚಿಸಬೇಕು. ನೀವು ನೀರಿನ ಬಾಟಲಿ ಎತ್ತಿದರೆ, ಯಾಕೆ ಎತ್ತಿದಿರಿ ಎಂದು ನೋಡಬೇಕು. ಇಷ್ಟು ಇಷ್ಟವಿರುವವರ ಜೊತೆ ಹಾಗೆ ಇರಲು ನನಗೆ ಬರುವುದಿಲ್ಲ ಮಾವ. ಪ್ರಯತ್ನ ಪಟ್ಟೆ. ಆರು ಕಿಲೋಮೀಟರ್ ಪ್ರಯತ್ನ ಪಟ್ಟೆ.

ಸೇತುವೆಯ ಹತ್ತಿರ ನೀವು ನೇರ ಹೋದಿರಿ. ನಾನು ಒಂದು ಕಾಲು ನೆಲಕ್ಕೆ ಕೊಟ್ಟು, ನೀವು ಮರೆಯಾಗುವವರೆಗೆ ನಿಂತಿದ್ದು ಸೈಕಲ್ ತಿರುಗಿಸಿದೆ.

ಮನೆಗೆ ಬಂದಾಗ ಅಮ್ಮ, “ಏನೇ, ಇಷ್ಟು ಬೇಗ ಬಂದ್ಬಿಟ್ಟೆ?” ಅಂದರು. ಎದುರುಗಾಳಿ ಜೋರಾಗಿತ್ತು ಅಂದೆ.

ಇಂತಿ,
ಚಕ್ರ ಕಟ್ಟಿದವಳು